ಪುನರ್ವಸುವಿಗೊಂದು ಗ್ರಹ ಇದೆಯಂತೆ

ಪುನರ್ವಸು ಮಳೆ ಗೊತ್ತಿಲ್ಲದ ಅಡಿಕೆ ಕೃಷಿಕರು ನಮ್ಮ ಕಾಸರಗೋಡಿನಲ್ಲಿ ಇರಲಿಕ್ಕಿಲ್ಲ. ಪುನರ್ವಸು ನಕ್ಷತ್ರ ಯಾವುದು, ತೋರಿಸಿ ಅಂದರೆ ಮಾತ್ರ ಎಲ್ಲರೂ ಮುಖ ಮುಖ ನೋಡುತ್ತಾರೆ. ಅದಕ್ಕೆ ಕಾರಣವೂ ಇದೆ. ಜುಲೈ 6ರ ಹೊತ್ತಿಗೆ ಪಂಚಾಂಗದ ಮಹಾನಕ್ಷತ್ರದ ಸಾಲಿನಲ್ಲಿ ಪುನರ್ವಸು ಬರುತ್ತದೆ. 20ರ ಹೊತ್ತಿಗೆ ಪುಷ್ಯಕ್ಕೆ ಜಾಗ ಬಿಡುತ್ತದೆ. ಅಷ್ಟು ದಿನ ಸೂರ್ಯ ಆಕಾಶದ ಆ ಭಾಗದಲ್ಲೇ ಇರುತ್ತಾನೆ. ನಕ್ಷತ್ರವೂ ಅವನ ಜೊತೆಗೇ ಹುಟ್ಟಿ, ಜೊತೆಗೇ ಮುಳುಗುತ್ತದೆ. ಮೋಡ ಸರಿದು ಬಿಸಿಲು ಬಂದರೂ ಕಾಣುವ ಪ್ರಶ್ನೆಯೇ ಇಲ್ಲ. ಯಾವ ಮಳೆಗೆ ಅದರ ಹೆಸರಿದೆಯೋ ಆ ಮಳೆಯಲ್ಲಿ ಅದನ್ನು ಯಾರೂ ನೋಡಿಲ್ಲ.

ನೋಡಬೇಕಾದರೆ ಫೆಬ್ರವರಿ, ಮಾರ್ಚ್‌ನಲ್ಲಿ ನೋಡಬೇಕು. ಅಂಗಳದಲ್ಲಿ ಅಡಿಕೆ ಒಣಗುವ ಕಾಲ. ರಾತ್ರಿ ಊಟ ಮುಗಿಸಿ ಹೊರಗೆ ಬಂದು ತಲೆ ಎತ್ತಿದರೆ ನಮ್ಮ ಮಳೆಗಾಲ ಇಡೀ ಸಾಲಾಗಿ ಮೇಲೆ ನಿಂತಿರುತ್ತದೆ. ಪಡುವಣದ ಕಡೆಯಿಂದ ಶುರು ಮಾಡಿದರೆ ಮೊದಲು ರೋಹಿಣಿ, ಕೆಂಪಗೆ. ಆಮೇಲೆ ಮೃಗಶಿರ. ಅದರ ಹತ್ತಿರವೇ ಆರಿದ್ರಾ. ಅಲ್ಲಿಂದ ಮುಂದೆ, ಹೆಚ್ಚು ಕಡಿಮೆ ನೆತ್ತಿಯ ಮೇಲೆ, ಅಕ್ಕಪಕ್ಕ ಎರಡು ನಕ್ಷತ್ರ. ಕೈ ಚಾಚಿ ಹಿಡಿದರೆ ಎರಡರ ನಡುವೆ ಮೂರು ಬೆರಳಿನ ಅಂತರ. ಅದೇ ಪುನರ್ವಸು. ಬೆಳ್ಳಗಿರುವುದು ಕ್ಯಾಸ್ಟರ್. ಸ್ವಲ್ಪ ಜಾಸ್ತಿ ಹೊಳೆಯುವ, ಹಳದಿಗೆ ತಿರುಗಿದ ಕಿತ್ತಳೆ ಬಣ್ಣದ್ದು ಪೊಲಕ್ಸ್. ಇವತ್ತಿನ ಬರಹ ಈ ಪೊಲಕ್ಸ್ ಬಗ್ಗೆ.

ಇಷ್ಟು ಹೇಳಿದರೂ ಗುರುತು ಹತ್ತದವರಿಗೆ ಒಂದು ಸುಲಭ ದಾರಿ. ರಾಮನವಮಿ ದಿನ ಭಜನೆ, ಪಾನಕ, ಕೋಸಂಬರಿ ಎಲ್ಲ ಮುಗಿಸಿ ಮನೆಗೆ ಬರುವಾಗ ಚಂದ್ರನನ್ನು ನೋಡಿ. ರಾಮ ಹುಟ್ಟಿದ್ದು ಪುನರ್ವಸುವಿನಲ್ಲಿ ಅಲ್ವಾ? ಚೈತ್ರ ಶುದ್ಧ ನವಮಿಗೆ ಚಂದ್ರ ಬಹುತೇಕ ಅದೇ ಸುತ್ತಮುತ್ತ ಇರುತ್ತಾನೆ. ಅವನ ಹತ್ತಿರ ಜೋಡಿ ನಕ್ಷತ್ರ ಕಂಡರೆ ಕೆಲಸ ಆಯಿತು. ದುರ್ಬೀನು ಬೇಡ. ಊರಿನ ಲೈಟು ಕಣ್ಣಿಗೆ ಹೊಡೆಯುವುದಾದರೆ ಪೊಸಡಿಗುಂಪೆ ಹತ್ತಿ. ಅಲ್ಲಿಂದಲೂ ಹೆದ್ದಾರಿಯ ಬೆಳಕು ಕಾಣುತ್ತದೆ, ಆದರೆ ನೆತ್ತಿಯ ಮೇಲಿನ ಆಕಾಶಕ್ಕೆ ಅಷ್ಟೇನೂ ತೊಂದರೆ ಇಲ್ಲ.

ಈ ವರ್ಷ, ಅಂದ್ರೆ 2026ರ ಆರಂಭದಲ್ಲಿ, ಗುರು ಗ್ರಹವೂ ಮಿಥುನದಲ್ಲೇ ಇತ್ತು. ಜನವರಿಯಲ್ಲಿ ಸಂಜೆ ಹೊತ್ತಿಗೆ ಮೂಡಣದಲ್ಲಿ ಜಗಜಗ ಹೊಳೆಯುತ್ತಿತ್ತು. ನಮ್ಮ ಕಡೆ ಬಹಳ ಮಂದಿ ಅದನ್ನು ನೋಡಿ ವಿಮಾನವೋ ಡ್ರೋನೋ ಅಂತ ಕೇಳಿದರು. ನಾನು ಅದನ್ನು ತೋರಿಸುವ ನೆಪದಲ್ಲಿ ಪಕ್ಕದ ಪೊಲಕ್ಸನ್ನೂ ತೋರಿಸಿ ಬಿಡುತ್ತಿದ್ದೆ. "ಈ ಗುರುವಿನ ಎರಡು ಪಟ್ಟಿಗಿಂತ ಜಾಸ್ತಿ ತೂಕದ ಗ್ರಹ ಆ ನಕ್ಷತ್ರಕ್ಕೂ ಒಂದು ಇದೆಯಂತೆ" ಅಂತ. ಈ "ಅಂತೆ"ಯನ್ನು ನಾನು ಬೇಕೆಂದೇ ಸೇರಿಸುತ್ತೇನೆ. ಅದು ಯಾಕೆ ಅನ್ನುವುದೇ ಈ ಬರಹ.

ಮೊದಲು ನಕ್ಷತ್ರದ ಜಾತಕ. ಪೊಲಕ್ಸ್ ನಮ್ಮಿಂದ ಸುಮಾರು 34 ಜ್ಯೋತಿರ್ವರ್ಷ ದೂರ. ಈಗ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟದ್ದು 1992ರ ಆಸುಪಾಸಿನಲ್ಲಿ. ನಾನಾಗ ಹೈಸ್ಕೂಲು. ಬೇರೆ ನಕ್ಷತ್ರಕ್ಕೆ ಗ್ರಹ ಇದೆ ಅಂತ ಮೊದಲ ಸಲ ಗಟ್ಟಿಯಾಗಿ ಗೊತ್ತಾದದ್ದೂ ಅದೇ 1992ರಲ್ಲಿ. ಅದೊಂದು ಸತ್ತ ನಕ್ಷತ್ರ, ಪಲ್ಸಾರ್. ಸೂರ್ಯನಂಥ ನಕ್ಷತ್ರದ ಸುತ್ತ ಸಿಕ್ಕಿದ್ದು 1995ರಲ್ಲಿ. ಅದನ್ನು ಕಂಡುಹಿಡಿದ ಮಿಶೆಲ್ ಮೇಯರ್, ದಿದಿಯೆ ಕೆಲೋ ಅವರಿಗೆ 2019ರಲ್ಲಿ ನೊಬೆಲ್ ಬಂತು. ಈಗ ಲೆಕ್ಕ 6,000 ದಾಟಿದೆ.

ಪೊಲಕ್ಸ್ ಸೂರ್ಯನಿಗಿಂತ ಅಡ್ಡಗಲದಲ್ಲಿ ಸುಮಾರು 9 ಪಟ್ಟು ದೊಡ್ಡದು. ತೂಕದಲ್ಲಿ ಎರಡು ಪಟ್ಟಿನ ಹತ್ತಿರ. ಬೆಳಕು 30 ಪಟ್ಟಿಗೂ ಜಾಸ್ತಿ. ಯೌವನದಲ್ಲಿ ಅದು ಬಿಳಿ ನಕ್ಷತ್ರವಾಗಿತ್ತು. ನಡುವಿನ ಹೈಡ್ರೋಜನ್ ತೀರಿದ ಮೇಲೆ ಉಬ್ಬಿತು. ಉಬ್ಬಿದ ಮೇಲೆ ಮೈ ತಣ್ಣಗಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಇಂಥದ್ದನ್ನು ದೈತ್ಯ ನಕ್ಷತ್ರ ಅನ್ನುತ್ತಾರೆ. ನಮಗೆ ಅತ್ಯಂತ ಹತ್ತಿರದ ದೈತ್ಯ ಇದೇ.

ಇನ್ನು ಗ್ರಹ. ಅದನ್ನು ಯಾರೂ ನೋಡಿಲ್ಲ. ದೊಡ್ಡ ದೊಡ್ಡ ದುರ್ಬೀನುಗಳಲ್ಲೂ ಅದರ ಚಿತ್ರ ಸಿಕ್ಕಿಲ್ಲ. ನಕ್ಷತ್ರದ ಮುಂದೆ ಹಾದು ಹೋಗಿ ಬೆಳಕು ಕುಗ್ಗಿಸಿದ್ದೂ ಕಂಡಿಲ್ಲ. ಇಂಟರ್ನೆಟ್ಟಿನಲ್ಲಿ ಕಾಣುವ ಬಣ್ಣ ಬಣ್ಣದ ಗೋಲ ಎಲ್ಲ ಚಿತ್ರಕಾರರ ಕೈಚಳಕ. ಹಾಗಾದರೆ ಇದೆ ಅಂತ ಹೇಗೆ ಗೊತ್ತು?

ಇದನ್ನು ವಿವರಿಸಲು ನನಗೆ ತೋಟವೇ ಸಾಕು. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವುದನ್ನು ನೀವು ನೋಡಿರಬಹುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕತ್ತಿಯ ಅಲಗು ಅದ್ದಿ ನೋಡುತ್ತೇವೆ. ಕಬ್ಬಿಣ ಕೆಂಪಗಾದರೆ ಸುಣ್ಣ ಸಾಲದು ಅಂತ ಲೆಕ್ಕ, ಇನ್ನಷ್ಟು ಸೇರಿಸುತ್ತೇವೆ. ನಾನು ಕೆಳಗೆ ಪಂಪಿನ ಹತ್ತಿರ. ಮದ್ದು ಬಿಡುವ ಅಣ್ಣ ಕಾಲಿಗೆ ತಳೆ ಹಾಕಿ ಮೇಲೆ. ಒಮ್ಮೆ ಹತ್ತಿದರೆ ಇಳಿಯುವ ಮಾತಿಲ್ಲ. ಮರವನ್ನು ತೂಗಿ, ಪಕ್ಕದ ಮರದ ತಲೆಗೆ ಕೈ ಹಾಕಿ, ಅಲ್ಲಿಂದ ಅತ್ತ ದಾಟಿ ಬಿಡುತ್ತಾನೆ. ಕಣಿವೆಯ ತೋಟ. ಮಂಜು ಇಳಿದರೆ ಮರದ ಅರ್ಧದಿಂದ ಮೇಲೆ ಏನೂ ಕಾಣುವುದಿಲ್ಲ. ಆದರೂ ಅವನು ಯಾವ ಮರದಲ್ಲಿದ್ದಾನೆ ಅಂತ ನನಗೆ ಕೆಳಗಿನಿಂದಲೇ ಗೊತ್ತಾಗುತ್ತದೆ. ಬುಡದಿಂದ ಆಳೆತ್ತರದಲ್ಲಿ ಕಾಂಡ ಅಷ್ಟಷ್ಟೇ ಅತ್ತಿತ್ತ ಹೊಯ್ದಾಡುತ್ತದೆ. ಆಳು ದಪ್ಪವಾದರೆ ತೂಗು ಜಾಸ್ತಿ. ಬೇಗ ಬೇಗ ಕೆಲಸ ಮಾಡುವವನಾದರೆ ತೂಗುವ ಗತಿಯೂ ಬೇರೆ.

ಗ್ರಹದ ವಿಷಯವೂ ಹೀಗೆಯೇ. ನಕ್ಷತ್ರ ಗ್ರಹವನ್ನು ಎಳೆದ ಹಾಗೆ ಗ್ರಹವೂ ನಕ್ಷತ್ರವನ್ನು ಎಳೆಯುತ್ತದೆ. ಗ್ರಹ ಒಂದು ಸುತ್ತು ಬರುವಷ್ಟರಲ್ಲಿ ನಕ್ಷತ್ರವೂ ಸಣ್ಣದೊಂದು ಸುತ್ತು ಬರುತ್ತದೆ. ನಮ್ಮ ಸೂರ್ಯನೂ ಇದಕ್ಕೆ ಹೊರತಲ್ಲ. ಗುರುವಿನ ಎಳೆತಕ್ಕೆ ಸೂರ್ಯ ಸೆಕೆಂಡಿಗೆ ಹನ್ನೆರಡೂವರೆ ಮೀಟರ್ ವೇಗದಲ್ಲಿ, ಸುಮಾರು 12 ವರ್ಷಕ್ಕೊಮ್ಮೆ, ಹೊಯ್ದಾಡುತ್ತಲೇ ಇರುತ್ತಾನೆ. ಪೊಲಕ್ಸ್ ಸೆಕೆಂಡಿಗೆ 40 ಮೀಟರಿಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ನಮ್ಮ ಕಡೆಗೆ ಬಂದು, ಮತ್ತೆ ಹಿಂದೆ ಹೋಗುತ್ತದೆ. ಗಂಟೆಗೆ 150 ಕಿಲೋಮೀಟರಿನ ಹತ್ತಿರ. ಒಂದು ಪೂರ್ತಿ ಆವರ್ತನಕ್ಕೆ ಸುಮಾರು 590 ದಿನ.

34 ಜ್ಯೋತಿರ್ವರ್ಷ ಆಚೆಗಿನ ವಸ್ತು ಇಷ್ಟು ಮೆಲ್ಲಗೆ ಹಿಂದೆ ಮುಂದೆ ಆದದ್ದು ಹೇಗೆ ತಿಳಿಯುತ್ತದೆ? ಬಣ್ಣದಿಂದ. ಹತ್ತಿರ ಬರುವಾಗ ನಕ್ಷತ್ರದ ಬೆಳಕು ತುಸು ನೀಲಿಯ ಕಡೆಗೆ ಸರಿಯುತ್ತದೆ, ದೂರ ಹೋಗುವಾಗ ಕೆಂಪಿನ ಕಡೆಗೆ. ತುಸು ಅಂದರೆ ಎಷ್ಟು? ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಅದನ್ನು ಈ 40 ಚಿಲ್ಲರೆ ಮೀಟರಿನಿಂದ ಭಾಗಿಸಿ ನೋಡಿ. ಸುಮಾರು 70 ಲಕ್ಷದಲ್ಲಿ ಒಂದು ಪಾಲು. ಅಷ್ಟು ಸಣ್ಣ ವ್ಯತ್ಯಾಸ. ಉಪಕರಣ ಇರುವ ಕೋಣೆ ಒಂದು ಡಿಗ್ರಿ ಬಿಸಿಯಾದರೂ ಇದಕ್ಕಿಂತ ದೊಡ್ಡ ತಪ್ಪು ನುಸುಳಿಬಿಡುತ್ತದೆ.

ಇದಕ್ಕೆ ಕೆನಡಾದ ಬ್ರೂಸ್ ಕ್ಯಾಂಪ್‌ಬೆಲ್, ಗಾರ್ಡನ್ ವಾಕರ್ ಅನ್ನುವವರು ಹುಡುಕಿದ ಉಪಾಯ ನನಗೆ ಬಹಳ ಇಷ್ಟ. ನಕ್ಷತ್ರದ ಬೆಳಕು ಉಪಕರಣಕ್ಕೆ ಹೋಗುವ ಮೊದಲು ಅದನ್ನು ಒಂದು ಅನಿಲ ತುಂಬಿದ ಕೊಳವೆಯ ಮೂಲಕ ಹಾಯಿಸುವುದು. ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿ ನೋಡಿದರೆ ಅದರಲ್ಲಿ ನಕ್ಷತ್ರದ ಕಪ್ಪು ಗೆರೆಗಳಿರುತ್ತವೆ, ಅನಿಲವೂ ತನ್ನದೇ ಕಪ್ಪು ಗೆರೆಗಳನ್ನು ಮೂಡಿಸುತ್ತದೆ. ಅನಿಲದ ಗೆರೆಗಳು ಕದಲುವುದಿಲ್ಲ. ಅವುಗಳನ್ನೇ ಅಳತೆಗೋಲು ಮಾಡಿಕೊಂಡು ನಕ್ಷತ್ರದ ಗೆರೆಗಳು ಎಷ್ಟು ಸರಿದವು ಅಂತ ನೋಡುವುದು. 1980ರ ದಶಕದಲ್ಲಿ ಹವಾಯಿಯ ಮೌನಾ ಕಿಯಾ ಬೆಟ್ಟದ ದುರ್ಬೀನಿನಲ್ಲಿ ಇದನ್ನು ಮಾಡಿದರು. ಅವರು ಬಳಸಿದ ಅನಿಲ ಯಾವುದು ಗೊತ್ತಾ? ಹೈಡ್ರೋಜನ್ ಫ್ಲೋರೈಡ್. ಗಾಜನ್ನೇ ತಿನ್ನುವ ವಿಷ. ಮೈಗೆ ತಾಗಿದರೆ ಆಸ್ಪತ್ರೆಯೇ ಗತಿ. ಪುನರ್ವಸುವನ್ನು ಅಳೆಯಲು ರಾತ್ರಿಯಿಡೀ ಇಂಥ ವಿಷದ ಕೊಳವೆಯ ಪಕ್ಕ ಕೂತವರು ಇದ್ದಾರೆ. ಮೈಲುತುತ್ತು ಮೈಗೆ ಬಿದ್ದರೆ ಗೊಣಗುವ ನಮಗೆ ಇದು ಗೊತ್ತಿರಲಿ. ಆಮೇಲೆ ಬಂದವರು ಅಯೋಡಿನ್ ಆವಿಗೆ ಹೊರಳಿದರು. ಅದು ಅಷ್ಟು ಅಪಾಯದ್ದಲ್ಲ.

1993ರಲ್ಲಿ ಆರ್ಟಿ ಹ್ಯಾಟ್ಜಸ್, ವಿಲಿಯಂ ಕಾಕ್ರನ್ ಎಂಬ ಇಬ್ಬರು ಒಂದು ಪ್ರಬಂಧ ಬರೆದರು. ಮೂರು ದೈತ್ಯ ನಕ್ಷತ್ರಗಳು ಬಹಳ ನಿಧಾನವಾಗಿ, ನೂರಾರು ದಿನಕ್ಕೊಮ್ಮೆ, ಹಿಂದೆ ಮುಂದೆ ಹೊಯ್ದಾಡುತ್ತಿವೆ ಅಂತ. ಗ್ರಹ ಇರಬಹುದು, ನಕ್ಷತ್ರದ ಮೈಯಲ್ಲೇ ಏನೋ ನಡೆಯುತ್ತಿರಬಹುದು, ಎರಡಕ್ಕೂ ಅವಕಾಶ ಇಟ್ಟೇ ಬರೆದಿದ್ದರು. ಆ ಮೂರು ನಕ್ಷತ್ರ ಯಾವುವು? ಆಲ್ಡೆಬರಾನ್, ಪೊಲಕ್ಸ್, ಆರ್ಕ್ಟರಸ್. ನಮ್ಮ ಲೆಕ್ಕದಲ್ಲಿ ರೋಹಿಣಿ, ಪುನರ್ವಸು, ಸ್ವಾತಿ.

ಇದನ್ನು ಮೊದಲು ಓದಿದಾಗ ನಾನು ಎದ್ದು ಹೋಗಿ ಗೋಡೆಯ ಪಂಚಾಂಗ ತೆಗೆದು ನೋಡಿದೆ. ಪತ್ತನಾಜೆ ಕಳೆದು ಯಕ್ಷಗಾನದ ಮೇಳಗಳೆಲ್ಲ ಗೆಜ್ಜೆ ಬಿಚ್ಚುವ ಹೊತ್ತಿಗೆ ಬರುವ ರೋಹಿಣಿ. ಆಟಿ ತಿಂಗಳು ಕಾಲಿಡುವಾಗ ಇರುವ ಪುನರ್ವಸು. ಮಳೆಗಾಲಕ್ಕೆ ಬಾಗಿಲು ಹಾಕುವ ಸ್ವಾತಿ. ಅಮೆರಿಕದಲ್ಲಿ ಕೂತ ಇಬ್ಬರಿಗೆ ನಮ್ಮ ಮಳೆ ನಕ್ಷತ್ರಗಳ ಪಟ್ಟಿ ಯಾರೂ ಕೊಟ್ಟಿರಲಿಲ್ಲ. ಅವರಿಗೆ ಬೇಕಿದ್ದದ್ದು ಹೊಳೆಯುವ ದೈತ್ಯರು. ನಮ್ಮ ಹಿರಿಯರಿಗೂ ಬೇಕಿದ್ದದ್ದು ಹೊಳೆಯುವ ಗುರುತುಗಳೇ. ಹಾಗಾಗಿ ಒಂದೇ ಹೆಸರುಗಳು ಬಂದದ್ದರಲ್ಲಿ ಪವಾಡವೇನೂ ಇಲ್ಲ. "ನಮ್ಮವರಿಗೆ ಮೊದಲೇ ಗೊತ್ತಿತ್ತು" ಅಂತ ವಾಟ್ಸಾಪಿನಲ್ಲಿ ಹಾಕಬೇಡಿ, ದಮ್ಮಯ್ಯ.

ದೈತ್ಯರನ್ನೇ ಯಾಕೆ ಆರಿಸಿದರು? ಎರಡು ಸೂರ್ಯನಷ್ಟು ತೂಕದ ನಕ್ಷತ್ರ ಯೌವನದಲ್ಲಿ ಬಹಳ ಜೋರಾಗಿ ತಿರುಗುತ್ತದೆ. ಬಿಸಿಯೂ ಜಾಸ್ತಿ. ಅದರ ಬೆಳಕಿನಲ್ಲಿ ಗೆರೆಗಳೇ ಕಡಿಮೆ, ಇರುವ ಗೆರೆಗಳೂ ಹರಡಿಕೊಂಡಿರುತ್ತವೆ. ಅಳೆಯಲು ಹಿಡಿತ ಸಿಗುವುದಿಲ್ಲ. ಮುದಿಯಾಗಿ ಉಬ್ಬಿದ ಮೇಲೆ ತಿರುಗುವುದು ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ, ಸಾವಿರಾರು ಚೂಪಾದ ಗೆರೆಗಳು ಮೂಡುತ್ತವೆ. ಭಾರದ ನಕ್ಷತ್ರಗಳಿಗೆ ಗ್ರಹ ಇರುತ್ತದಾ ಅಂತ ತಿಳಿಯಬೇಕಾದರೆ ಅವು ಮುದಿಯಾದ ಮೇಲೆ ಹೋಗಿ ವಿಚಾರಿಸುವುದೇ ಸುಲಭ.

ಆಮೇಲೆ ಹದಿಮೂರು ವರ್ಷ ಅಳೆಯುತ್ತಲೇ ಇದ್ದರು. 2006ರಲ್ಲಿ ಹ್ಯಾಟ್ಜಸ್ ಮತ್ತು ಸಂಗಡಿಗರು ಕೆನಡಾದವರ ಹಳೆಯ ಅಳತೆಗಳನ್ನೂ ಸೇರಿಸಿ, ಸುಮಾರು 25 ವರ್ಷದ ಲೆಕ್ಕ ಮುಂದಿಟ್ಟರು. ಪೊಲಕ್ಸ್ ಅಷ್ಟೂ ವರ್ಷ ಒಂದೇ ಗತಿಯಲ್ಲಿ ಹೊಯ್ದಾಡಿತ್ತು. ಗ್ರಹ ಇದೆ ಅಂದರು. ಅದೇ ವರ್ಷ ಸಬೀನ್ ರೆಫರ್ಟ್ ಅವರ ತಂಡ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಬೇರೆಯೇ ಆಗಿ ಅಳೆದು ಅದೇ ಮಾತು ಹೇಳಿತು. ಗುರುವಿನ ಕನಿಷ್ಠ 2.3 ಪಟ್ಟು ತೂಕ. ಕನಿಷ್ಠ ಯಾಕೆಂದರೆ ನಮಗೆ ತಿಳಿಯುವುದು ನಮ್ಮ ಕಡೆಗೆ ಬರುವ, ಹೋಗುವ ಚಲನೆ ಮಾತ್ರ. ಅಡ್ಡಡ್ಡ ಹೊಯ್ದಾಡಿದ್ದು ಈ ಬಣ್ಣದ ಲೆಕ್ಕಕ್ಕೆ ಸಿಗುವುದಿಲ್ಲ. ಕಕ್ಷೆ ವಾಲಿಕೊಂಡಿದ್ದರೆ ನಿಜವಾದ ತೂಕ ಇನ್ನೂ ಜಾಸ್ತಿ ಇರುತ್ತದೆ.

2015ರಲ್ಲಿ ಜನರಿಂದ ಮತ ಹಾಕಿಸಿ ಅದಕ್ಕೊಂದು ಹೆಸರೂ ಇಟ್ಟರು: ಥೆಸ್ಟಿಯಸ್. ಗ್ರೀಕರ ಕಥೆಯಲ್ಲಿ ಪೊಲಕ್ಸ್‌ನ ತಾಯಿ ಲೀಡಾ. ಆ ಹೆಸರು ಗುರುವಿನ ಒಂದು ಉಪಗ್ರಹಕ್ಕೂ ಒಂದು ಕ್ಷುದ್ರಗ್ರಹಕ್ಕೂ ಹೋಗಿಬಿಟ್ಟಿತ್ತು. ಹಾಗಾಗಿ ಅವಳ ಅಪ್ಪನ ಹೆಸರು ಹಿಡಿದು, ಅವನ ಮಗಳು ಅನ್ನುವ ಅರ್ಥದಲ್ಲಿ, ಥೆಸ್ಟಿಯಸ್ ಅಂದರು. ಮಗನ ಸುತ್ತ ತಾಯಿ ಸುತ್ತುವ ವ್ಯವಸ್ಥೆ. ಪುನರ್ವಸುವಿನ ದೇವತೆ ಅದಿತಿ, ಅವಳೂ ತಾಯಿಯೇ. ನಮ್ಮನ್ನು ಕೇಳಿದ್ದರೂ ಹೆಚ್ಚು ಕಡಿಮೆ ಇಲ್ಲಿಗೇ ಬರುತ್ತಿದ್ದೆವು. ನಮ್ಮ ದೇಶದ ಪಾಲಿಗೂ ಒಂದು ನಕ್ಷತ್ರ ಬಂತು, 2019ರಲ್ಲಿ. ಅದಕ್ಕೆ ವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ ಬಿಭಾ ಅಂತಲೂ ಅದರ ಗ್ರಹಕ್ಕೆ ಸಂತಮಸ ಅಂತಲೂ ಹೆಸರು. ಬರಿಗಣ್ಣಿಗೆ ಕಾಣುವುದಿಲ್ಲ, ಅದೊಂದು ಬೇಜಾರು.

ಥೆಸ್ಟಿಯಸ್ ಇರುವುದೇ ಹೌದಾದರೆ ಅಲ್ಲಿ ಹೇಗಿರಬಹುದು? ನಕ್ಷತ್ರದಿಂದ ಸುಮಾರು 24 ಕೋಟಿ ಕಿಲೋಮೀಟರ್ ದೂರ. ನಮ್ಮಲ್ಲಾದರೆ ಮಂಗಳನ ಕಕ್ಷೆಯಿಂದ ಸ್ವಲ್ಪ ಆಚೆ. ಅಷ್ಟು ದೂರ ಇದ್ದರೂ ತಂಪಿಲ್ಲ. ಭೂಮಿಗೆ ಸೂರ್ಯನಿಂದ ಸಿಗುವುದರ ಹತ್ತು ಹನ್ನೆರಡು ಪಟ್ಟು ಶಾಖ ಅಲ್ಲಿಗೆ ಬೀಳುತ್ತದೆ. ಅಲ್ಲಿನ ಆಕಾಶದಲ್ಲಿ ಪೊಲಕ್ಸ್ ನಮ್ಮ ಸೂರ್ಯನಿಗಿಂತ ಐದಾರು ಪಟ್ಟು ಅಗಲ ಕಾಣುತ್ತದೆ. ಒಂದು ವರ್ಷ ಅಂದರೆ ನಮ್ಮ ಒಂದು ವರ್ಷ ಏಳೂವರೆ ತಿಂಗಳು. ನಿಲ್ಲಲು ನೆಲ ಇಲ್ಲ. ಗುರುವಿನ ಹಾಗೆ ಅನಿಲದ ಉಂಡೆ. ಅಡಿಕೆ ಹಾಕಲು ಜಾಗ ಇದೆಯಾ ಅಂತ ಕೇಳುವ ಚಿಕ್ಕಪ್ಪನಿಗೆ ನಾನು ಕೊಡುವ ಉತ್ತರ ಇಷ್ಟೇ.

ಈಗ "ಅಂತೆ"ಗೆ ಬರುತ್ತೇನೆ.

ಮಂಜಿನಲ್ಲಿ ಮರ ಹೊಯ್ದಾಡಿದರೆ ಮೇಲೆ ಆಳು ಇದ್ದಾನೆ ಅಂದೆ. ಗಾಳಿಗೂ ಮರ ಹೊಯ್ದಾಡುತ್ತದೆ ಅಲ್ವಾ? ಇದನ್ನು ಮದ್ದು ಬಿಡುವ ಅಣ್ಣನ ಹತ್ತಿರವೇ ಕೇಳಿದೆ. ಮಧ್ಯಾಹ್ನ ಗಂಜಿ ಉಣ್ಣುವಾಗ ಅವನಿಗೆ ಪುನರ್ವಸುವಿನ ಕಥೆ ಹೇಳಿ, ದೂರದಿಂದ ನೋಡುವವನಿಗೆ ಗಾಳಿ ಯಾವುದು ಆಳು ಯಾವುದು ಅಂತ ಹೇಗೆ ಗೊತ್ತಾಗಬೇಕು ಅಂದೆ. ಉಪ್ಪಿನಕಾಯಿ ನೆಕ್ಕಿ, "ಗಾಳಿಯಾದರೆ ಪಕ್ಕದ ಮರವೂ ಅಲ್ಲಾಡಬೇಕಲ್ಲ ಅಕ್ಕಾ" ಅಂದ. ಎಷ್ಟು ಸರಿಯಾದ ಮಾತು! ತೊಂದರೆ ಏನೆಂದರೆ ನಕ್ಷತ್ರದ ಗಾಳಿ ಆ ನಕ್ಷತ್ರದ ಒಳಗೇ ಇರುತ್ತದೆ. ಪಕ್ಕದ್ದನ್ನು ನೋಡಿ ತೀರ್ಮಾನ ಮಾಡಲು ಬರುವುದಿಲ್ಲ.

ದೈತ್ಯ ನಕ್ಷತ್ರ ಸುಮ್ನೆ ಕೂರುವ ಜಾತಿಯಲ್ಲ. ಮೈ ಉಬ್ಬುತ್ತದೆ, ತಗ್ಗುತ್ತದೆ. ಮೈಮೇಲೆ ಕಲೆಗಳು ಮೂಡಿ ಅದು ತಿರುಗಿದ ಹಾಗೆ ಬಂದು ಹೋಗುತ್ತವೆ. ಇವೆಲ್ಲ ಬೆಳಕಿನ ಗೆರೆಗಳನ್ನು ಅತ್ತಿತ್ತ ಸರಿಸಿ, ಗ್ರಹ ಇದ್ದ ಹಾಗೇ ತೋರಿಸಬಲ್ಲವು. ಗಾಮಾ ಡ್ರೇಕೋನಿಸ್ ಅಂತ ಇನ್ನೊಂದು ದೈತ್ಯ ಇದೆ. 2003ರಿಂದ 2011ರ ತನಕ ಅದು 702 ದಿನಕ್ಕೊಮ್ಮೆ ಚಂದವಾಗಿ ಹೊಯ್ದಾಡಿತು. ಗುರುವಿನ ಹತ್ತು ಪಟ್ಟು ತೂಕದ ಗ್ರಹ ಅಂತ ಹೇಳಿಬಿಡಬಹುದಿತ್ತು. ಅಷ್ಟರಲ್ಲಿ ಹೊಯ್ದಾಟ ನಿಂತೇ ಹೋಯಿತು. ಎರಡು ಮೂರು ವರ್ಷ ಬಿಟ್ಟು, 2014ರಲ್ಲಿ ಮತ್ತೆ ಶುರುವಾಯಿತು, ಆದರೆ ಗತಿ ತಪ್ಪಿತ್ತು. ಗ್ರಹ ಹೀಗೆ ರಜೆ ಹಾಕಿ ಹೋಗುವುದಿಲ್ಲ. ಇದು ನಕ್ಷತ್ರದ್ದೇ ಆಟ ಅಂತ 2018ರಲ್ಲಿ ಬರೆದವರೂ ಹ್ಯಾಟ್ಜಸ್ ಮತ್ತು ಸಂಗಡಿಗರೇ. ಗ್ರಹ ಹುಡುಕುವುದೇ ಕಸುಬಾದ ಮನುಷ್ಯ ಕೈಗೆ ಬಂದ ಗ್ರಹವನ್ನು ಇಲ್ಲ ಅಂತ ಬರೆಯುವುದು ಸಣ್ಣ ವಿಷಯ ಅಲ್ಲ.

ರೋಹಿಣಿಯ ಕಥೆಯೂ ಅರ್ಧದಲ್ಲಿದೆ. 2015ರಲ್ಲಿ ಅದಕ್ಕೂ ಗ್ರಹ ಇದೆ ಅಂದರು, 629 ದಿನಕ್ಕೊಂದು ಸುತ್ತು. 2019ರಲ್ಲಿ ಬೇರೊಂದು ತಂಡ ಇನ್ನಷ್ಟು ಅಳತೆ ಸೇರಿಸಿ ನೋಡಿದಾಗ ಲೆಕ್ಕ ಸರಿ ಕೂರಲಿಲ್ಲ. ಇದು ಉಲ್ಟಾ ಆದದ್ದೂ ಉಂಟು. ಗಾಮಾ ಸೆಫೈ ಎಂಬ ನಕ್ಷತ್ರಕ್ಕೆ ಗ್ರಹ ಇರಬಹುದು ಅಂತ ಕ್ಯಾಂಪ್‌ಬೆಲ್, ವಾಕರ್ ತಂಡ 1988ರಲ್ಲೇ ಹೇಳಿತ್ತು. ನಾಲ್ಕು ವರ್ಷ ಬಿಟ್ಟು, ಅದು ನಕ್ಷತ್ರ ತಿರುಗುವುದರಿಂದ ಆದದ್ದಿರಬೇಕು ಅಂತ ತಾವೇ ಹಿಂದೆ ಸರಿದರು. 2003ರಲ್ಲಿ ನೋಡಿದರೆ ಗ್ರಹ ಇದ್ದೇ ಇತ್ತು! ಸ್ವಲ್ಪ ಧೈರ್ಯ ಮಾಡಿದ್ದರೆ ಗ್ರಹ ಹುಡುಕಿದವರ ಚರಿತ್ರೆಯಲ್ಲಿ ಮೊದಲ ಸಾಲು ಅವರದ್ದಾಗುತ್ತಿತ್ತು. ಅವರ ಬಗ್ಗೆ ನನಗೆ ಯಾವತ್ತೂ ಪಾಪ ಅನಿಸುತ್ತದೆ, ಗೌರವವೂ ಅಷ್ಟೇ.

2025ರ ಏಪ್ರಿಲಿನಲ್ಲಿ ಕೆ2-18ಬಿ ಎಂಬ ಗ್ರಹದ ಸುದ್ದಿ ಬಂದಾಗ ನಮ್ಮ ಕುಟುಂಬದ ಗ್ರೂಪು ತುಂಬಿ ಹೋಯಿತು. 124 ಜ್ಯೋತಿರ್ವರ್ಷ ದೂರದ್ದು, ಅದರ ಗಾಳಿಯಲ್ಲಿ ಜೀವಿಗಳು ಬಿಡುವಂಥ ಅನಿಲದ ಸುಳಿವು ಸಿಕ್ಕಿರಬಹುದು ಅಂತ ಕೇಂಬ್ರಿಡ್ಜಿನ ನಿಕ್ಕು ಮಧುಸೂದನ್ ಅವರ ತಂಡ ಹೇಳಿತ್ತು. ಅವರು "ಇರಬಹುದು" ಅಂದದ್ದು ನಮ್ಮ ಗ್ರೂಪಿಗೆ ತಲುಪುವಾಗ "ಜೀವಿಗಳು ಸಿಕ್ಕವು" ಆಗಿತ್ತು. ಆಮೇಲೆ ಬೇರೆಯವರು ಅದೇ ಅಳತೆಗಳನ್ನು ಮತ್ತೆ ಲೆಕ್ಕ ಹಾಕಿ ಒಪ್ಪಲು ಸಾಧ್ಯವಿಲ್ಲ ಅಂದರು. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ನನಗೆ ಸಿಟ್ಟು ವಿಜ್ಞಾನಿಗಳ ಮೇಲಲ್ಲ, ಎರಡನೇ ಸುದ್ದಿಯನ್ನು ಓದದವರ ಮೇಲೆ.

ಪುನರ್ವಸುವಿಗೂ ಇಂಥದ್ದೊಂದು ಎರಡನೇ ಸುದ್ದಿ ಇದೆ. ಅದರ ಮೈಮೇಲೆ ಬಹಳ ಸಣ್ಣ ಕಾಂತಕ್ಷೇತ್ರ ಇರುವುದು ಮೊದಲೇ ಗೊತ್ತಾಗಿತ್ತು. ಒಂದು ಗಾಸ್‌ಗಿಂತಲೂ ಕಡಿಮೆ, ಹೆಚ್ಚು ಕಡಿಮೆ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ನಮ್ಮ ಭೂಮಿಯದ್ದರಷ್ಟೇ. ಫ್ರಾನ್ಸಿನ ಮಿಶೆಲ್ ಓರಿಯೇರ್ ಮತ್ತು ಸಂಗಡಿಗರು ನಾಲ್ಕು ವರ್ಷಕ್ಕೂ ಮಿಕ್ಕಿ ಅದನ್ನು ಹಿಂಬಾಲಿಸಿ, 2021ರಲ್ಲಿ ಫಲಿತಾಂಶ ಕೊಟ್ಟರು. ಕಾಂತಕ್ಷೇತ್ರ ಏರಿಳಿಯುವುದು ಸುಮಾರು 660 ದಿನಕ್ಕೊಮ್ಮೆ. ಅಂದರೆ ನಕ್ಷತ್ರ ಒಂದು ಸಲ ತನ್ನ ಸುತ್ತ ತಿರುಗಲು ಅಷ್ಟು ದಿನ ಬೇಕು. ಗ್ರಹದ ಲೆಕ್ಕ 590. ಎರಡೂ ಒಂದೇ ಅಲ್ಲ, ಆದರೆ ತೀರಾ ದೂರವೂ ಇಲ್ಲ. ಒಂದೇ ಆಗಿದ್ದರೆ ಗ್ರಹದ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬಹಳ ಬೇರೆ ಇದ್ದಿದ್ದರೆ ಯಾರಿಗೂ ಸಂಶಯ ಬರುತ್ತಿರಲಿಲ್ಲ. ಅವರು ಗ್ರಹವನ್ನು ಅಲ್ಲಗಳೆಯಲಿಲ್ಲ. ಖಚಿತ ಅನ್ನುವ ಕಡೆ "ಇರಬಹುದಾದ" ಅಂತ ಹಾಕಿದರು, ಅಷ್ಟೇ.

ನಾನು ಕಾಗದದಲ್ಲಿ ಒಂದು ಲೆಕ್ಕ ಹಾಕಿ ನೋಡಿದೆ. 590 ದಿನದ್ದೂ 660 ದಿನದ್ದೂ ಒಟ್ಟಿಗೆ ಹೊರಟರೆ ಒಂದು ಪೂರ್ತಿ ಸುತ್ತಿನಷ್ಟು ಹಿಂದೆ ಮುಂದೆ ಆಗಲು ಸುಮಾರು 15 ವರ್ಷ ಬೇಕು. ಪೊಲಕ್ಸ್‌ನ ಅಳತೆಗಳು 25 ವರ್ಷಕ್ಕೂ ಉದ್ದ ಇವೆ. ಅಷ್ಟು ಉದ್ದದ ಲೆಕ್ಕದಲ್ಲಿ ಎರಡನ್ನೂ ಕಲಸಿಬಿಡಲು ಸಾಧ್ಯವಿಲ್ಲ. ಹೊಯ್ದಾಟ 590ರದ್ದೇ. ಮೈಮೇಲಿನ ಕಲೆಗಳಿಂದ ಹೀಗಾಗುವುದಾದರೆ ಬೆಳಕೂ ಅದೇ ಗತಿಯಲ್ಲಿ ಏರಿಳಿಯಬೇಕಿತ್ತು. ಅದೂ ಕಂಡಿಲ್ಲ. ಪಂಥ ಕಟ್ಟುವುದಾದರೆ ನಾನು ಗ್ರಹ ಇದೆ ಅನ್ನುವ ಕಡೆಗೇ ಕಟ್ಟುತ್ತೇನೆ. ಆದರೆ ಒಂದು ಮೂಟೆ ಚಾಲಿ ಅಡಿಕೆಗಿಂತ ಜಾಸ್ತಿ ಕಟ್ಟಲಾರೆ.

ಈ ಕೆಲಸ ನಮ್ಮ ದೇಶದಲ್ಲೂ ನಡೆಯುತ್ತದೆ ಅಂತ ಹೇಳದಿದ್ದರೆ ತಪ್ಪಾಗುತ್ತದೆ. ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದವರು ಪಾರಸ್ ಎಂಬ ಉಪಕರಣ ಇಟ್ಟುಕೊಂಡು ಇದೇ ರೀತಿ ನಕ್ಷತ್ರಗಳ ಹೊಯ್ದಾಟ ಅಳೆಯುತ್ತಾರೆ. 2018ರಲ್ಲಿ ಸುಮಾರು 600 ಜ್ಯೋತಿರ್ವರ್ಷ ಆಚೆಗಿನ ಒಂದು ಗ್ರಹದ ತೂಕವನ್ನು ಹೀಗೇ ಹಿಡಿದರು. ಆಮೇಲೆ ಎರಡೂವರೆ ಮೀಟರಿನ ದೊಡ್ಡ ದುರ್ಬೀನಿಗೆ ಪಾರಸ್-2 ಬಂತು. ಅಲ್ಲಿಯೂ ಮಳೆಗಾಲದಲ್ಲಿ ಮೋಡದ್ದೇ ಕಾಟ.

ಹತ್ತಿರದ ಅಷ್ಟು ಹೊಳೆಯುವ ನಕ್ಷತ್ರವನ್ನು ಬಾಹ್ಯಾಕಾಶದ ಹೊಸ ದುರ್ಬೀನುಗಳು ಯಾಕೆ ಒಮ್ಮೆಗೇ ಇತ್ಯರ್ಥ ಮಾಡುವುದಿಲ್ಲ ಅಂತ ಒಬ್ಬರು ಕೇಳಿದ್ದರು. ಹೊಳೆಯುವುದೇ ಅದಕ್ಕೆ ಅಡ್ಡಿ. ನಕ್ಷತ್ರಗಳ ಜಾಗವನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆದ ಯುರೋಪಿನ ಗಯಾ ದುರ್ಬೀನಿಗೆ ಇಂಥ ತೀರಾ ಪ್ರಕಾಶದವು ಕಣ್ಣು ಕೋರೈಸುವ ಲೆಕ್ಕ. ನೂರಾರು ಕೋಟಿ ಮಸುಕು ನಕ್ಷತ್ರಗಳಿಗೆ ಒದಗಿದ ಸೌಭಾಗ್ಯ ಪುನರ್ವಸುವಿಗೆ ಸರಿಯಾಗಿ ಒದಗಲಿಲ್ಲ. ಹಾಗಾಗಿ ಹಳೆಯ ಕ್ರಮವೇ ಗತಿ. ನೆಲದ ಮೇಲೆ ದುರ್ಬೀನು ಇಟ್ಟುಕೊಂಡು, ಗೆರೆ ಎಷ್ಟು ಸರಿಯಿತು ಅಂತ ಬರೆದಿಡುವುದು. ಅದೂ ವರ್ಷಪೂರ್ತಿ ಆಗುವುದಿಲ್ಲ. ಪುನರ್ವಸು ಮಳೆಯ ಹೊತ್ತಿಗೆ ನಕ್ಷತ್ರ ಸೂರ್ಯನ ಬದಿಗೆ ಹೋಗುತ್ತದಲ್ಲ, ಹವಾಯಿಯಲ್ಲಾಗಲಿ ಫ್ರಾನ್ಸಿನಲ್ಲಾಗಲಿ ಆಕಾಶ ಎಷ್ಟೇ ಶುಭ್ರ ಇದ್ದರೂ ಜುಲೈ ತಿಂಗಳ ಪುಟ ಖಾಲಿಯೇ.